ಫಂಡಿಂಗ್ ಸುದ್ದಿ ಹಾಕುವಾಗ ಷರತ್ತನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಾಣಿಜ್ಯ ಪುಟದಲ್ಲಿ ಆಗಾಗ ಒಂದು ಸುದ್ದಿ ಇರುತ್ತೆ, ಕರಾವಳಿ ಹುಡುಗರ ಸ್ಟಾರ್ಟಪ್‌ಗೆ ಇಷ್ಟು ಕೋಟಿ, ಹುಬ್ಬಳ್ಳಿ ಹುಡುಗಿ ಕಂಪನಿಗೆ ಅಷ್ಟು ಕೋಟಿ ಅಂತ, ಪಕ್ಕದಲ್ಲಿ ಕೈಕಟ್ಟಿ ನಿಂತಿರೋ ಫೋಟೋ. ಓದಿದ್ರೆ ಖುಷಿ ಆಗುತ್ತೆ, ನಮ್ಮವರು ಅಂತ ಹೆಮ್ಮೆನೂ ಆಗುತ್ತೆ. ಆದ್ರೆ ಆ ಸುದ್ದಿ ಬರೆಯೋ ರೀತಿ ನೋಡಿದ್ರೆ ಲಾಟರಿ ಹೊಡೆದಂಗೆ ಇರುತ್ತೆ. ಅದು ಲಾಟರಿ ಅಲ್ಲ ಸ್ವಾಮಿ, ಕಂಪನಿಯ ಪಾಲು ಮಾರಿ ತಗೊಂಡಿರೋ ದುಡ್ಡು. ಎಷ್ಟು ಪಾಲು ಹೋಯ್ತು, ಯಾವ ಷರತ್ತಿಗೆ ಹೋಯ್ತು ಅನ್ನೋದು ಒಂದೇ ಒಂದು ಸಾಲಲ್ಲೂ ಇರಲ್ಲ. ಅದರ ಬಗ್ಗೆನೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಹಾಕಿ.

ನಾನಿರೋದು ಮುಂಬೈ ಅಂಧೇರಿ ಈಸ್ಟ್‌ನಲ್ಲಿ, ಊರು ಕುಂದಾಪುರ ಕಡೆ. ಹೋಟೆಲ್ ಕಿಚನ್‌ಗೆ ಬರೋ ಅಕ್ಕಿ, ಉದ್ದು, ಎಣ್ಣೆ, ತರಕಾರಿ ಲೆಕ್ಕ ಇಡೋ ಸಾಫ್ಟ್‌ವೇರ್ ಮಾಡ್ತೀವಿ ನಾನೂ ನನ್ನ ಗೆಳೆಯನೂ. ವೆಂಚರ್ ಕ್ಯಾಪಿಟಲ್ ತಗೊಂಡಿದೀವಿ, ಅಂದ್ರೆ ಹೊಸ ಕಂಪನಿಗಳ ಪಾಲು ಕೊಳ್ಳೋ ಫಂಡಿನ ದುಡ್ಡು, ಚಿಕ್ಕದಾಗಿ ವಿಸಿ ಅಂತಾರೆ, ಅದಕ್ಕೋಸ್ಕರ ಬಿಕೆಸಿ, ಲೋವರ್ ಪರೇಲ್, ಪವಾಯಿ ಎಲ್ಲಾ ಕಡೆ ಓಡಾಡಿದೀವಿ. ಹಾಗಾಗಿ ವಿಸಿ ದುಡ್ಡೇ ಕೆಟ್ಟದ್ದು ಅಂತ ಹೇಳೋಕೆ ಬರೀತಿಲ್ಲ, ನಮ್ಮ ಕಂಪನಿ ಇವತ್ತು ನಡೀತಿರೋದೇ ಆ ದುಡ್ಡಿಂದ. ಅದು ಎಂಥ ದುಡ್ಡು ಅಂತ ತಗೊಳ್ಳೋ ಮೊದಲೇ ಗೊತ್ತಿರ್ಬೇಕು, ಗೊತ್ತಾಗೋ ಹಾಗೆ ಕನ್ನಡದಲ್ಲಿ ಯಾರೂ ಬರೀತಿಲ್ಲ, ನನ್ನ ಸಂಕಟ ಇಷ್ಟೇ.

ಮುಂಬೈ ಕನ್ನಡಿಗರಿಗೆ ಬೇರೆಯವರ ದುಡ್ಡಲ್ಲಿ ವ್ಯಾಪಾರ ಮಾಡೋದು ಹೊಸದೇನಲ್ಲ. ಮಾಟುಂಗ, ದಾದರ್, ಫೋರ್ಟ್, ಚೆಂಬೂರಿನ ಹೋಟೆಲ್‌ಗಳು ಎದ್ದಿದ್ದೇ ಹಾಗೆ. ಒಬ್ಬ ದುಡ್ಡು ಹಾಕ್ತಾನೆ, ಇನ್ನೊಬ್ಬ ವರ್ಕಿಂಗ್ ಪಾರ್ಟ್ನರ್ ಆಗಿ ಬೆಳಗ್ಗೆ ಐದಕ್ಕೆ ಬಾಗಿಲು ತೆಗೀತಾನೆ, ಸಾಲದಿದ್ರೆ ಚೀಟಿ ಎತ್ತೋದು, ಇಲ್ಲಾ ಭಾರತ್ ಬ್ಯಾಂಕಿಗೆ ಹೋಗೋದು. 1978ರಲ್ಲಿ ಬಿಲ್ಲವರ ಸಂಘದವರು ಕಟ್ಟಿದ ಬ್ಯಾಂಕು ಅದು, ಎಷ್ಟೋ ಜನಕ್ಕೆ ಗಲ್ಲಾ ಇಡೋಕೆ ಜಾಗ ಆಗಿದ್ದು ಇಂಥ ಸಹಕಾರಿ ಬ್ಯಾಂಕುಗಳಿಂದಾನೆ. ತಾವೇ ನಡೆಸೋಕೆ ಆಗದಿದ್ದೋರು ಹೋಟೆಲನ್ನ ಕಂಡಕ್ಟಿಂಗ್‌ಗೆ ಕೊಡೋರು, ತಿಂಗಳಿಗೆ ಇಷ್ಟು ಅಂತ ತಗೊಳ್ಳೋರು. ಇಬ್ಬರು ಸೇರಿ ಮಾಡೋ ಪಾರ್ಟ್ನರ್ ವ್ಯವಹಾರದಲ್ಲಿ ಒಂದು ಮಾತು ಸಾಮಾನ್ಯ, ಲಾಭ ಬಂದ್ರೆ ಪಾಲಿನ ಪ್ರಕಾರ, ಮುಳುಗಿದ್ರೂ ಪಾಲಿನ ಪ್ರಕಾರ, ಮತ್ತೆ ತಿಂಗಳು ತಿಂಗಳು ಏನಾದ್ರೂ ಕೈಗೆ ಬರ್ತಾ ಇರ್ಬೇಕು. ನಮ್ಮ ಹುಡುಗರ ತಲೇಲಿ ಪಾರ್ಟ್ನರ್ ಅಂದ್ರೆ ಇದೇ ಚಿತ್ರ. ವಿಸಿನ ಪಾರ್ಟ್ನರ್ ಅಂತ ಅಂದ್ಕೊಂಡು ಹೋಗ್ತಾರೆ, ಅಲ್ಲೇ ಎಡವೋದು.

ವಿಸಿ ಫಂಡ್‌ನಲ್ಲಿ ಇರೋದು ಅವರ ದುಡ್ಡೂ ಅಲ್ಲ. ದೊಡ್ಡ ಶ್ರೀಮಂತರು, ಕಂಪನಿಗಳು, ವಿಮೆಯವರು, ವಿದೇಶಿ ಸಂಸ್ಥೆಗಳು ಹಾಕಿರ್ತಾರೆ. ನಮ್ಮ ದೇಶದ ಫಂಡ್ ಆದ್ರೆ ಷೇರು ಮಾರ್ಕೆಟ್ ನಿಯಂತ್ರಿಸೋ ಸೆಬಿಯ 2012ರ ಎಐಎಫ್ (ಪರ್ಯಾಯ ಹೂಡಿಕೆ ನಿಧಿ) ನಿಯಮದಡಿ ನೋಂದಣಿ ಆಗಿರ್ಬೇಕು, ಅದರೊಳಗೆ ಒಬ್ಬ ಹೂಡಿಕೆದಾರ ಸಾಮಾನ್ಯವಾಗಿ ಕನಿಷ್ಠ 1 ಕೋಟಿ ಹಾಕ್ಬೇಕು. ಫಂಡ್‌ಗೆ ಆಯಸ್ಸು ಇರುತ್ತೆ, ಎಂಟೋ ಹತ್ತೋ ವರ್ಷ, ಅಷ್ಟರಲ್ಲಿ ಎಲ್ಲಾ ಮಾರಿ ದುಡ್ಡು ವಾಪಸ್ ಕೊಡ್ಬೇಕು. ಫಂಡ್ ನಡೆಸೋರಿಗೆ ವರ್ಷಕ್ಕೆ ಸುಮಾರು 2 ಪರ್ಸೆಂಟ್ ಫೀಸು, ಲಾಭದಲ್ಲಿ 20 ಪರ್ಸೆಂಟ್, ಇದು ವಾಡಿಕೆ. ಈಗ ಒಂದು ಲೆಕ್ಕ ನೋಡಿ. 300 ಕೋಟಿ ಫಂಡ್ ಅಂತ ಇಟ್ಕೊಳ್ಳಿ. ನಿಮ್ಮ ಕಂಪನೀಲಿ ಅವರಿಗೆ ಕೊನೆಗೆ 15 ಪರ್ಸೆಂಟ್ ಉಳಿದಿದ್ರೆ, ನೀವು ಕಂಪನಿನ 1000 ಕೋಟಿಗೆ ಮಾರಿದ್ರೂ ಅವರಿಗೆ ಬರೋದು 150 ಕೋಟಿ, ಅಂದ್ರೆ ಫಂಡ್‌ನ ಅರ್ಧ. ಹಾಕಿರೋ ಕಂಪನಿಗಳಲ್ಲಿ ಬಹಳಷ್ಟು ಮುಳುಗುತ್ತವೆ ಅಂತ ಅವರಿಗೆ ಮೊದಲೇ ಗೊತ್ತು, ಹಾಗಾಗಿ ಉಳಿದ ಒಂದೆರಡು ಕಂಪನಿ ಸಾವಿರಾರು ಕೋಟಿ ಆಗ್ಲೇಬೇಕು. ವರ್ಷಕ್ಕೆ 20 ಪರ್ಸೆಂಟ್ ಬೆಳೆಯೋ, ಮೂರನೇ ವರ್ಷದಿಂದ ಲಾಭ ಮಾಡೋ, ಐವತ್ತು ಜನಕ್ಕೆ ಕೆಲಸ ಕೊಡೋ ಕಂಪನಿ ನಮ್ಮ ಕಣ್ಣಿಗೆ ಚಿನ್ನ, ಆದ್ರೆ ಆ ಲೆಕ್ಕಕ್ಕೆ ಅದು ಕೂರೋದೇ ಇಲ್ಲ. ಇದರಲ್ಲಿ ಯಾರ ಮೋಸನೂ ಇಲ್ಲ, ಆ ದುಡ್ಡಿನ ಸ್ವಭಾವನೇ ಅಷ್ಟು. ವಿಸಿ 'ಇಲ್ಲ' ಅಂದ ತಕ್ಷಣ ನನ್ನ ಐಡಿಯಾನೇ ಸರಿ ಇಲ್ಲ ಅಂತ ಮನೆಗೆ ಹೋಗಿ ಕೂತ ಒಳ್ಳೊಳ್ಳೆ ಹುಡುಗರನ್ನ ನಾನು ನೋಡಿದೀನಿ, ನೋಡಿ ಬೇಜಾರಾಗಿದೆ.

ಇನ್ನು ಟರ್ಮ್ ಶೀಟ್, ಅಂದ್ರೆ ದುಡ್ಡು ಹಾಕೋ ಮುಂಚೆ ವಿಸಿ ಕೊಡೋ ಷರತ್ತಿನ ಪಟ್ಟಿ. ನಮಗೆ ಬಂದಿದ್ದು ಕೆಲವೇ ಪುಟದ್ದು, ಇಂಗ್ಲಿಷು, ಒಂದೊಂದು ಸಾಲಿಗೂ ಒಂದೊಂದು ಅರ್ಥ. ವಕೀಲರ ಹತ್ರ ಹೋಗೋ ಮೊದಲು ಚೆಂಬೂರಲ್ಲಿ ಹೋಟೆಲ್ ಇರೋ ನನ್ನ ಸೋದರಮಾವನಿಗೆ ತೋರಿಸೋಣ ಅಂತ ಹೋದೆ. ಮಧ್ಯಾಹ್ನ ಊಟದ ರಶ್ ಮುಗಿದು ಹುಡುಗರು ಟೇಬಲ್ ಒರೆಸ್ತಿದ್ರು. ಮಾವ ಕನ್ನಡಕ ಹಾಕ್ಕೊಂಡು ನನ್ನ ಕೈಲಿ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿಸಿದ್ರು, ವ್ಯಾಲ್ಯುಯೇಷನ್, ಅಂದ್ರೆ ಕಂಪನಿಗೆ ಕಟ್ಟಿದ ಬೆಲೆ, ಎಷ್ಟು ಅಂತ ಕೇಳಲೇ ಇಲ್ಲ. ಎಲ್ಲಾ ಕೇಳಿ ಆದ್ಮೇಲೆ ಒಂದೇ ಪ್ರಶ್ನೆ, "ನಾಳೆ ಕಂಪ್ನಿ ಮಾರ್ರೆ ಮೊದಾಲ್ ದುಡ್ಡ್ ಯಾರಿಗ್ ಹೋತ್ತ್ ಮಾರಾಯ?" ಮೂವತ್ತು ನಲವತ್ತು ವರ್ಷ ಪಾರ್ಟ್ನರ್‌ಶಿಪ್ ಮಾಡಿ ಮುರಿದು ಮತ್ತೆ ಮಾಡಿರೋ ಮನುಷ್ಯ, ಸೀದಾ ಅಲ್ಲಿಗೇ ಬೆರಳಿಟ್ರು.

ಹಾಗೆ ಮೊದಲು ದುಡ್ಡು ತಗೊಳ್ಳೋ ಹಕ್ಕಿಗೆ ಲಿಕ್ವಿಡೇಷನ್ ಪ್ರಿಫರೆನ್ಸ್ ಅಂತಾರೆ. ನಿಮ್ಮ ಓದುಗರಿಗೋಸ್ಕರ ಒಂದು ಸುಲಭದ ಲೆಕ್ಕ ಬರೀತೀನಿ, ಅಂಕಿಗಳು ನಮ್ಮ ಕಂಪನಿದಲ್ಲ, ಉದಾಹರಣೆಗೆ ಅಷ್ಟೇ. ಕಂಪನಿಗೆ ದುಡ್ಡು ಬರೋ ಮುಂಚೆ ಬೆಲೆ 16 ಕೋಟಿ, ವಿಸಿ 4 ಕೋಟಿ ಹಾಕಿದ್ರು, ಈಗ ಬೆಲೆ 20 ಕೋಟಿ, ಅವರ ಪಾಲು 20 ಪರ್ಸೆಂಟ್. ಪೇಪರಲ್ಲಿ ಬರೋದು '20 ಕೋಟಿ ಮೌಲ್ಯದ ಕಂಪನಿ' ಅಂತ. ಎರಡು ವರ್ಷ ಆದ್ಮೇಲೆ ಬಿಸಿನೆಸ್ ಸರಿಯಾಗಿ ನಡೀದೆ 10 ಕೋಟಿಗೆ ಮಾರ್ಬೇಕಾಯ್ತು ಅಂದ್ಕೊಳ್ಳಿ. ಹೋಟೆಲ್ ಲೆಕ್ಕದಲ್ಲಿ ಅವರಿಗೆ 20 ಪರ್ಸೆಂಟ್ ಅಂದ್ರೆ 2 ಕೋಟಿ ಹೋಗ್ಬೇಕು. ಹಾಗಾಗಲ್ಲ. ಒಂದು ಪಟ್ಟು ಪ್ರಿಫರೆನ್ಸ್ ಇದ್ರೆ ಅವರು ಹಾಕಿದ 4 ಕೋಟಿ ಮೊದಲು ತಗೋತಾರೆ, ಉಳಿದ 6 ಕೋಟಿ ಮಿಕ್ಕವರಿಗೆ. ಇದು ಎಲ್ಲಾ ಕಡೆ ಇರೋದೇ, ನ್ಯಾಯನೂ ಇದೆ, ದುಡ್ಡು ಹಾಕಿದವರು ಹಾಕಿದ್ದಾದ್ರೂ ವಾಪಸ್ ಕೇಳ್ತಾರೆ. ಆದ್ರೆ 'ಪಾರ್ಟಿಸಿಪೇಟಿಂಗ್' ಅಂತ ಒಂದು ಪದ ಸೇರಿದ್ರೆ 4 ಕೋಟಿ ತಗೊಂಡು ಉಳಿದ 6 ಕೋಟಿಯಲ್ಲೂ 20 ಪರ್ಸೆಂಟ್, ಒಟ್ಟು 5.2 ಕೋಟಿ. ಅದೇ ಎರಡು ಪಟ್ಟು ಅಂತ ಬರೆದಿದ್ರೆ 8 ಕೋಟಿ ಅವರಿಗೆ, ಕಂಪನಿ ಕಟ್ಟಿದವರು, ಷೇರು ಸಿಗುತ್ತೆ ಅಂತ ಕಮ್ಮಿ ಸಂಬಳಕ್ಕೆ ದುಡಿದ ಹುಡುಗರು, ಎಲ್ಲಾ ಸೇರಿ 2 ಕೋಟಿ ಹಂಚ್ಕೋಬೇಕು. ವ್ಯಾಲ್ಯುಯೇಷನ್ ಅದೇ 20 ಕೋಟಿ, ಪೇಪರಲ್ಲಿ ಬಂದ ಸುದ್ದಿನೂ ಅದೇ, ಕೈಗೆ ಬರೋ ದುಡ್ಡು ಮಾತ್ರ ಒಂದು ಪದದ ಮೇಲೆ ನಿಂತಿರುತ್ತೆ.

ಇನ್ನೊಂದು ಆಂಟಿ ಡೈಲ್ಯೂಷನ್, ಅಂದ್ರೆ ಮುಂದೆ ಷೇರು ಬೆಲೆ ಇಳಿದ್ರೂ ವಿಸಿ ಪಾಲು ಕರಗದ ಹಾಗೆ ಕಾಯೋ ಷರತ್ತು. ಷೇರಿಗೆ 1000 ರೂಪಾಯಿ ಲೆಕ್ಕದಲ್ಲಿ 4 ಕೋಟಿಗೆ 40,000 ಷೇರು ತಗೊಂಡಿದಾರೆ, ಮುಂದಿನ ಸಲ ಮಾರ್ಕೆಟ್ ಬಿದ್ದು 500 ರೂಪಾಯಿಗೆ ಷೇರು ಕೊಡೋ ಪರಿಸ್ಥಿತಿ ಬಂತು. 'ಫುಲ್ ರ್‍ಯಾಚೆಟ್' ಅಂತ ಒಪ್ಪಿದ್ರೆ ಅವರ 40,000 ಷೇರು 80,000 ಆಗುತ್ತೆ, ಅವರು ಹೊಸದಾಗಿ ಒಂದು ರೂಪಾಯಿ ಹಾಕ್ಬೇಕಾಗಿಲ್ಲ, ಕರಗೋದು ಫೌಂಡರ್, ಅಂದ್ರೆ ಕಂಪನಿ ಕಟ್ಟಿದವರ ಪಾಲು. 'ಬ್ರಾಡ್ ಬೇಸ್ಡ್ ವೆಯ್ಟೆಡ್ ಆವರೇಜ್' ಅಂತ ಇದ್ರೆ, ಅಂದ್ರೆ ಹಳೇ ಬೆಲೆ ಹೊಸ ಬೆಲೆ ಸೇರಿಸಿ ಸರಾಸರಿ ಲೆಕ್ಕ ಹಾಕೋದಾದ್ರೆ, ಪೆಟ್ಟು ತುಂಬಾ ಕಮ್ಮಿ, ಜಾಸ್ತಿ ಕಡೆ ಒಪ್ಪೋದೂ ಅದನ್ನೇ, ಆದ್ರೆ ಕೇಳ್ಬೇಕು, ಕೇಳೋಕೆ ಗೊತ್ತಿರ್ಬೇಕು. 2021ರಲ್ಲಿ ದೇಶದಲ್ಲಿ ಒಂದೇ ವರ್ಷ 40ಕ್ಕೂ ಜಾಸ್ತಿ ಯುನಿಕಾರ್ನ್ (100 ಕೋಟಿ ಡಾಲರ್ ದಾಟಿದ ಸ್ಟಾರ್ಟಪ್) ಆದಾಗ ಈ ಷರತ್ತು ಯಾರೂ ಓದ್ತಿರಲಿಲ್ಲ, ಬೆಲೆ ಏರ್ತಾನೇ ಇರುತ್ತೆ ಅಂತ. 2022ರಲ್ಲಿ ದುಡ್ಡು ಬರೋದು ಕಮ್ಮಿ ಆದಾಗ ಹಳೇ ಪೇಪರ್ ತೆಗೆದು ಓದಿದ್ರು.

ಇಸಾಪ್ ಪೂಲ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ನೌಕರರಿಗೆ ಅಂತ 10 ಪರ್ಸೆಂಟ್ ಷೇರು ತೆಗೆದಿಡಿ, ಅದು ನಾವು ದುಡ್ಡು ಹಾಕೋ ಮುಂಚೆನೇ ಆಗಿರ್ಬೇಕು ಅಂತಾರೆ, ಅಂದ್ರೆ ಅದು ಪೂರ್ತಿ ಫೌಂಡರ್ ಪಾಲಿಂದ ಹೋಗುತ್ತೆ. ಇಬ್ಬರು ಗೆಳೆಯರು ಅರ್ಧ ಅರ್ಧ ಇದ್ದೋರು ವಿಸಿಗೆ 20, ಪೂಲ್‌ಗೆ 10 ಹೋಗಿ 35, 35 ಆಗ್ತಾರೆ. ಮುಂದೆ ಇನ್ನೆರಡು ರೌಂಡಲ್ಲಿ, ಅಂದ್ರೆ ಇನ್ನೆರಡು ಸಲ ದುಡ್ಡು ಎತ್ತುವಾಗ, 20, 20 ಪರ್ಸೆಂಟ್ ಕೊಟ್ರೆ ಒಬ್ಬೊಬ್ಬರಿಗೆ ಉಳಿಯೋದು 22.4. ಅದರ ಜೊತೆ ನಿಮ್ಮದೇ ಷೇರು ನಿಮಗೆ ನಾಲ್ಕು ವರ್ಷಕ್ಕೆ ಸ್ವಲ್ಪ ಸ್ವಲ್ಪ ಸಿಗೋ ಹಾಗೆ ವೆಸ್ಟಿಂಗ್, ಸಾಲ ಮಾಡೋಕೆ, ದೊಡ್ಡ ಸಂಬಳಕ್ಕೆ ಜನ ತಗೊಳ್ಳೋಕೆ, ಕಂಪನಿ ಮಾರೋಕೆ ಅವರ ಒಪ್ಪಿಗೆ ಬೇಕು ಅನ್ನೋ ಪಟ್ಟಿ. ಇವೆಲ್ಲಾ ತಪ್ಪು ಅಂತಲ್ಲ, ವೆಸ್ಟಿಂಗ್ ಇಲ್ಲದೆ ಒಬ್ಬ ಗೆಳೆಯ ಆರೇ ತಿಂಗಳಿಗೆ ಅರ್ಧ ಕಂಪನಿ ಹಿಡ್ಕೊಂಡು ಹೋದ್ರೆ ಉಳಿದವನ ಗತಿ ಏನು. ಮನೆಯವರಿಗೆ, ಹೆಂಡತಿಗೆ ಗಂಡನಿಗೆ, ಊರಲ್ಲಿರೋ ಅಪ್ಪ ಅಮ್ಮನಿಗೆ ಮಾತ್ರ ಇದು ಗೊತ್ತಿರ್ಬೇಕು, ಮಗ ಕೋಟ್ಯಧಿಪತಿ ಆದ ಅಂತ ಪೇಪರ್ ಓದಿ ಊರವರು ದೇವಸ್ಥಾನದ ಜೀರ್ಣೋದ್ಧಾರಕ್ಕೆ ರಸೀದಿ ಪುಸ್ತಕ ಹಿಡ್ಕೊಂಡು ಬರ್ತಾರೆ, ಮಗನ ಸಂಬಳ ಹಳೇ ಕಂಪನೀಲಿ ಇದ್ದಿದ್ರ ಅರ್ಧನೂ ಇರಲ್ಲ.

ಕಾನೂನಿನ ಒಂದೆರಡು ವಿಷಯ ನಮ್ಮ ಹುಡುಗರಿಗೆ ಯಾರೂ ಹೇಳಿರಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ ಷೇರು ಮಾರೋಕೆ ಜಾಹೀರಾತು ಕೊಡೋ ಹಾಗಿಲ್ಲ, ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಹೆಸರು ಗುರುತಿಸಿದವರಿಗೆ ಮಾತ್ರ ಆಫರ್ ಕೊಡ್ಬೇಕು, ಅದೂ ವರ್ಷಕ್ಕೆ 200 ಜನ ಮೀರಬಾರದು. ಜಾತಿ ಸಂಘದ ವಾಟ್ಸಾಪ್ ಗ್ರೂಪಲ್ಲಿ 'ನಮ್ಮ ಕಂಪನಿಗೆ ಇನ್ವೆಸ್ಟ್ ಮಾಡಿ, ತಲಾ 50 ಸಾವಿರ' ಅಂತ ಹಾಕೋದು ಕಾನೂನಿನ ಕಣ್ಣಲ್ಲಿ ಅಪಾಯ, ಹಾಕೋರಿಗೆ ಅದು ಗೊತ್ತೇ ಇರಲ್ಲ. ದುಡ್ಡು ಬ್ಯಾಂಕಿಗೆ ಬಂದ್ರೂ ಷೇರು ಹಂಚಿ, ಹಂಚಿದ ವಿವರದ ಪಿಎಎಸ್-3 ಫಾರ್ಮ್ ಸರ್ಕಾರಕ್ಕೆ ಹಾಕೋವರೆಗೂ ಮುಟ್ಟೋ ಹಾಗಿಲ್ಲ. ಕನ್ವರ್ಟಿಬಲ್ ನೋಟ್ ಅಂತ, ಅಂದ್ರೆ ಮುಂದೆ ಷೇರಾಗಿ ಬದಲಾಗಬಹುದಾದ ಸಾಲದ ರೂಪದಲ್ಲಿ, ತಗೊಳ್ಳೋದಾದ್ರೆ ಕೇಂದ್ರದ ಕೈಗಾರಿಕಾ ಇಲಾಖೆ ಡಿಪಿಐಐಟಿಯ ಮಾನ್ಯತೆ ಇರೋ ಸ್ಟಾರ್ಟಪ್ ಆಗಿರ್ಬೇಕು, ಒಬ್ಬರಿಂದ ಒಂದೇ ಕಂತಲ್ಲಿ 25 ಲಕ್ಷಕ್ಕೆ ಕಮ್ಮಿ ಇರ್ಬಾರದು.

ಕಮಿಷನ್ ಏಜೆಂಟರ ಹಾವಳಿ ಬಗ್ಗೆನೂ ಬರೀಲೇಬೇಕು. ಕಳೆದ ವರ್ಷ ನನ್ನ ದೂರದ ಸಂಬಂಧಿ ಹುಡುಗಿ, ಕಾರ್ಕಳದವಳು, ಗೋವಾದ ವೆರ್ಣಾದಲ್ಲಿ ಪ್ಯಾಕಿಂಗ್ ಯೂನಿಟ್ ಶುರು ಮಾಡಿದಾಳೆ, ಫೋನ್ ಮಾಡಿ, ಅಣ್ಣ ಒಬ್ರು ಫಂಡ್ ಕೊಡಿಸ್ತಾರಂತೆ, ಮೊದಲು ಡಾಕ್ಯುಮೆಂಟ್ ಫೀಸು ಅಂತ ಒಂದೂವರೆ ಲಕ್ಷ ಕಟ್ಬೇಕಂತೆ, ಕಟ್ಲಾ ಅಂತ ಕೇಳಿದ್ಲು. ಬೇಡಮ್ಮ ಅಂದೆ, ಕಟ್ಟಲಿಲ್ಲ. ನಿಜವಾದ ವಿಸಿ ಫೌಂಡರ್ ಹತ್ರ ಮುಂಗಡ ದುಡ್ಡು ಇಸ್ಕೊಂಡು ಪಿಚ್, ಅಂದ್ರೆ ಐಡಿಯಾದ ವಿವರಣೆ, ಕೇಳಲ್ಲ. ದೇಶದ ಫಂಡ್ ಆದ್ರೆ ಸೆಬಿ ವೆಬ್‌ಸೈಟಲ್ಲಿ ನೋಂದಾಯಿತ ಎಐಎಫ್‌ಗಳ ಪಟ್ಟಿ ಇದೆ, ಹೆಸರು ಹಾಕಿ ನೋಡಬಹುದು. ಸಿಂಗಾಪುರ, ಮಾರಿಷಸ್‌ನಿಂದ ಹಾಕೋ ವಿದೇಶಿ ಫಂಡ್ ಅದರಲ್ಲಿ ಇರದೇನೂ ಹೋಗಬಹುದು, ಹಾಗಾದ್ರೆ ಅವರು ಮೊದಲು ದುಡ್ಡು ಹಾಕಿರೋ ಒಬ್ಬಿಬ್ಬರು ಫೌಂಡರ್‌ಗೆ ಫೋನ್ ಮಾಡಿ ಕೇಳ್ಬೇಕು, ಕಂಪನಿ ಕಷ್ಟದಲ್ಲಿದ್ದಾಗ ಇವರು ಹೇಗೆ ನಡ್ಕೊಂಡ್ರು ಅಂತ. ಅವರು ಫೌಂಡರ್‌ನ ಪರೀಕ್ಷೆ ಮಾಡ್ತಾರೆ, ಫೌಂಡರೂ ಅವರನ್ನ ಪರೀಕ್ಷೆ ಮಾಡೋದು ಹಕ್ಕು.

ಆ ಹುಡುಗಿಗೆ ವಿಸಿ ಬೇಕಾಗೇ ಇರಲಿಲ್ಲ, ಅದು ಮುಖ್ಯ ವಿಷಯ. ಮಷೀನು ತಗೊಳ್ಳೋಕೆ, ಮಾಲು ಇಟ್ಕೊಳ್ಳೋಕೆ ಬ್ಯಾಂಕ್ ಸಾಲ ಸಾಕು, ಸಾಲ ತೀರಿದ ದಿನ ಕಂಪನಿ ಪೂರ್ತಿ ಅವಳದ್ದೇ. ಹೊಸ ತಂತ್ರಜ್ಞಾನ ಇದ್ರೆ ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಅಂತ 2021ರಲ್ಲಿ ಶುರುವಾಯ್ತು, ಇನ್‌ಕ್ಯುಬೇಟರ್ (ಹೊಸ ಕಂಪನಿಗಳಿಗೆ ಜಾಗ, ಮಾರ್ಗದರ್ಶನ ಕೊಡೋ ಕೇಂದ್ರ) ಮೂಲಕ 20 ಲಕ್ಷದವರೆಗೆ ಅನುದಾನ, ಮಾರ್ಕೆಟ್‌ಗೆ ಇಳಿಯೋಕೆ 50 ಲಕ್ಷದವರೆಗೆ ಸಾಲ ಇಲ್ಲಾ ಡಿಬೆಂಚರ್ (ಸಾಲಪತ್ರ) ರೂಪದಲ್ಲಿ ಕೊಡೋ ಯೋಜನೆ ಅದು. ಕರ್ನಾಟಕ ಸರ್ಕಾರದ ಎಲಿವೇಟ್‌ನಲ್ಲಿ ಪಾಲು ಕೇಳದೆ 50 ಲಕ್ಷದವರೆಗೆ ಕೊಡ್ತಾರೆ. ಪುಣೆಯಲ್ಲಿ ಎನ್‌ಸಿಎಲ್ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ) ಆವರಣದ ವೆಂಚರ್ ಸೆಂಟರ್, ಇಲ್ಲಿ ಐಐಟಿ ಬಾಂಬೆಯ ಸೈನ್, ಹುಬ್ಬಳ್ಳಿಯಲ್ಲಿ ದೇಶಪಾಂಡೆ ಸ್ಟಾರ್ಟಪ್ಸ್, ಇವೂ ಇಂಥ ಕೇಂದ್ರಗಳೇ, ಎಲ್ಲಾ ಕಡೆ ಬಾಗಿಲು ಇದೆ. 2012ರಲ್ಲಿ ಬಂದು ಸಣ್ಣ ಕಂಪನಿಗಳ ಜೀವ ಹಿಂಡಿದ ಏಂಜೆಲ್ ಟ್ಯಾಕ್ಸ್ ಅನ್ನ 2024ರ ಜುಲೈ ಬಜೆಟ್‌ನಲ್ಲಿ ತೆಗೆದುಹಾಕಿದ್ರು, ಷೇರನ್ನ ನ್ಯಾಯವಾದ ಬೆಲೆಗಿಂತ ಜಾಸ್ತಿಗೆ ಮಾರಿದ್ರೆ ಆ ಜಾಸ್ತಿ ದುಡ್ಡನ್ನ ಆದಾಯ ಅಂತ ಲೆಕ್ಕ ಹಾಕಿ ತೆರಿಗೆ ಕೇಳ್ತಿದ್ರು, ಎಷ್ಟು ದೊಡ್ಡ ಸುದ್ದಿ ಅದು. ಕನ್ನಡ ಪತ್ರಿಕೆಗಳಲ್ಲಿ ಬಜೆಟ್ ಪುಟದ ಮೂಲೇಲಿ ಬಂತು.

ಇನ್ಫೋಸಿಸ್ ಕಥೆ ನೋಡಿ. 1981ರಲ್ಲಿ ಪುಣೆಯಲ್ಲಿ ಏಳು ಜನ ಶುರು ಮಾಡಿದ್ದು, ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿ, ಇದು ನಮ್ಮ ಪತ್ರಿಕೆಗಳಲ್ಲಿ ನೂರಾರು ಸಲ ಬಂದಿದೆ, ಶಾಲಾ ಮಕ್ಕಳಿಗೂ ಬಾಯಿಪಾಠ. ಅದೇ ಕಂಪನಿ ಮುಂದೆ ಹನ್ನೆರಡು ವರ್ಷ ದೊಡ್ಡ ಹೂಡಿಕೆದಾರರಿಲ್ಲದೆ ಹೆಚ್ಚಾಗಿ ಗ್ರಾಹಕರಿಂದ ಬಂದ ದುಡ್ಡಲ್ಲೇ ನಡೀತು, 1993ರಲ್ಲಿ 95 ರೂಪಾಯಿಗೆ ಷೇರು ಮಾರೋಕೆ ಹೊರಟಾಗ ಜನ ಪೂರ್ತಿ ಕೊಳ್ಳಲೇ ಇಲ್ಲ, ಮಾರ್ಗನ್ ಸ್ಟ್ಯಾನ್ಲಿಯವರು 13 ಪರ್ಸೆಂಟ್ ತಗೊಂಡು ದಡ ಸೇರಿಸಿದ್ರು. ಈ ಎರಡನೇ ಭಾಗ ಎಷ್ಟು ಜನ ಕನ್ನಡ ಓದುಗರಿಗೆ ಗೊತ್ತು? ನಿತಿನ್ ಕಾಮತ್ ಅವರ ಷೇರು ಬ್ರೋಕರ್ ಕಂಪನಿ ಝೆರೋಧಾ 2010ರಿಂದ ಇವತ್ತಿನವರೆಗೂ ಹೊರಗಿನ ಬಂಡವಾಳ ಇಲ್ಲದೆ ಬೆಳೆದಿದ್ದನ್ನಾದ್ರೂ ಎಲ್ಲರೂ ಬರೀತಾರೆ, ಹೇಗೆ ಸಾಧ್ಯ ಆಯ್ತು ಅಂತ ಬರೆಯಲ್ಲ. ಬ್ರೋಕರೇಜ್‌ನಲ್ಲಿ ಮೊದಲ ದಿನದಿಂದಲೇ ಗ್ರಾಹಕ ದುಡ್ಡು ಕೊಡ್ತಾನೆ, ಗೋಡೌನ್ ಕಟ್ಟಬೇಕಾಗಿಲ್ಲ, ಡಿಸ್ಕೌಂಟ್ ಕೊಟ್ಟು ಸಾಮಾನು ಮಾರಬೇಕಾಗಿಲ್ಲ. ಅದೇ ಔಷಧಿ ಸಂಶೋಧನೆ ಮಾಡೋ ಕಂಪನಿ, ಚಿಪ್ ಡಿಸೈನ್ ಮಾಡೋ ಕಂಪನಿ ಐದಾರು ವರ್ಷ ಒಂದು ರೂಪಾಯಿ ಆದಾಯ ನೋಡಲ್ಲ, ಅದಕ್ಕೆ ಬ್ಯಾಂಕು ಸಾಲ ಕೊಡಲ್ಲ, ಅಲ್ಲಿ ವಿಸಿ ಬೇಕೇ ಬೇಕು. ಯಾವ ವ್ಯಾಪಾರಕ್ಕೆ ಯಾವ ದುಡ್ಡು ಅನ್ನೋದನ್ನ ಬಿಡಿಸಿ ಹೇಳೋ ಒಂದು ಬರಹ ಕನ್ನಡದಲ್ಲಿ ಇರ್ಬೇಕು, ಅದನ್ನ ಬರೆಸೋ ಶಕ್ತಿ ನಿಮ್ಮಂಥ ಪತ್ರಿಕೆಗೇ ಇರೋದು.

ಹಾಗಾಗಿ ಕೇಳ್ಕೊಳ್ಳೋದು ಇಷ್ಟು. ಮುಂದಿನ ಸಲ ಫಂಡಿಂಗ್ ಸುದ್ದಿಯ ಪ್ರೆಸ್ ನೋಟ್ ಬಂದಾಗ ನಿಮ್ಮ ವರದಿಗಾರರು ಫೌಂಡರ್‌ಗೆ ಒಂದು ಫೋನ್ ಮಾಡ್ಲಿ, ಎಷ್ಟು ಪಾಲು ಕೊಟ್ರಿ, ಯಾವ ಥರ ಷೇರು, ದುಡ್ಡು ಒಂದೇ ಸಲ ಬರುತ್ತಾ ಟಾರ್ಗೆಟ್ ಮುಟ್ಟಿದ್ರೆ ಮಾತ್ರ ಕಂತಲ್ಲಿ ಬರುತ್ತಾ, ಈ ದುಡ್ಡು ಎಷ್ಟು ತಿಂಗಳಿಗೆ ಸಾಕು ಅಂತ ಕೇಳ್ಲಿ. ಎಲ್ಲರೂ ಹೇಳಲ್ಲ, ಒಪ್ಪಂದದಲ್ಲಿ ಬಾಯಿ ಕಟ್ಟಿರುತ್ತೆ, ಆದ್ರೂ ಷೇರು ಹಂಚಿದ ಫಾರ್ಮ್ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ವೆಬ್‌ಸೈಟಲ್ಲಿ ಇರುತ್ತೆ, ಸಣ್ಣ ಶುಲ್ಕ ಕಟ್ಟಿದ್ರೆ ಯಾರು ಬೇಕಾದ್ರೂ ತೆಗೆದು ನೋಡಬಹುದು, ಎಷ್ಟು ಷೇರು ಎಷ್ಟು ಬೆಲೆಗೆ ಹೋಯ್ತು ಅಂತ ಅದರಲ್ಲೇ ಇರುತ್ತೆ. ಇಂಗ್ಲಿಷ್ ಬಿಸಿನೆಸ್ ಪತ್ರಕರ್ತರು ದಿನಾ ಮಾಡೋ ಕೆಲಸ ಇದು.

ಮತ್ತೆ ವಾರಕ್ಕೊಂದು ಕಾಲಂ ಇಡಿ, ಅರ್ಧ ಪುಟ ಸಾಕು. ಒಂದು ವಾರ ಲಿಕ್ವಿಡೇಷನ್ ಪ್ರಿಫರೆನ್ಸ್, ಒಂದು ವಾರ ವೆಸ್ಟಿಂಗ್, ಒಂದು ವಾರ ಮುಚ್ಚಿದ ಕಂಪನಿಯ ಫೌಂಡರ್ ಜೊತೆ ಮಾತುಕತೆ. ಬರೆಯೋರು ಬೇಕಂದ್ರೆ ಮುಂಬೈಲಿ ಕನ್ನಡದ ಸಿಎಗಳಿದ್ದಾರೆ, ಕಂಪನಿ ಸೆಕ್ರೆಟರಿಗಳಿದ್ದಾರೆ, ಹೈಕೋರ್ಟ್ ವಕೀಲರಿದ್ದಾರೆ, ಮಾಟುಂಗದ ಮೈಸೂರು ಅಸೋಸಿಯೇಷನ್‌ಗೋ ಮಾಹಿಮ್‌ನ ಕರ್ನಾಟಕ ಸಂಘಕ್ಕೋ ಒಂದು ಭಾನುವಾರ ಬಂದ್ರೆ ಅರ್ಧ ಜನ ಅಲ್ಲೇ ಸಿಗ್ತಾರೆ. ಲೆಕ್ಕದ ಉದಾಹರಣೆ ಹಾಕಿಕೊಡೋ ಕೆಲಸ ನನಗೆ ಕೊಟ್ರೆ ದುಡ್ಡಿಲ್ಲದೆ ಮಾಡ್ತೀನಿ, ವಿಳಾಸ, ಫೋನ್ ನಂಬರ್ ಈ ಪತ್ರದ ಜೊತೆ ಬೇರೆ ಹಾಳೇಲಿ ಇಟ್ಟಿದೀನಿ.

ಇಂತಿ ನಿಮ್ಮ ಓದುಗ,
ಅಂಧೇರಿ ಪೂರ್ವ, ಮುಂಬೈ